ಮಿಲಿಟರಿ ಜೀಪಿನ ಗೇರ್ ತಕರಾರು: ಬಾಕ್ಸ್ ಇಳಿಸುವ ಮುಂಚೆ ಏನೇನು ನೋಡಬೇಕು

ಗೇರ್ ಕರಕರ ಅಂದ ಕೂಡಲೇ ಗ್ಯಾರೇಜಿನಲ್ಲಿ ಬರುವ ಮೊದಲ ಮಾತು ‘ಬಾಕ್ಸ್ ಇಳಿಸಬೇಕು ಸಾರ್’. ಹಳೇ ಮಿಲಿಟರಿ ಜೀಪಿನ ವಿಷಯದಲ್ಲಿ ಈ ಮಾತಿಗೆ ತಕ್ಷಣ ಹೂಂ ಅನ್ನಬೇಡಿ. ವಿಲ್ಲೀಸ್ ಎಂಬಿ ಇರಲಿ, ಫೋರ್ಡ್ ಜಿಪಿಡಬ್ಲ್ಯೂ ಇರಲಿ, ಆಮೇಲೆ ಬಂದ ಮಹೀಂದ್ರಾ ಸಿಜೆ-3ಬಿ ಇರಲಿ, ತೊಂದರೆ ಬಹಳ ಸಲ ಬಾಕ್ಸಿನ ಹೊರಗೇ ಇರುತ್ತದೆ. ಕ್ಲಚ್ ಪೆಡಲಿನ ಕೊಂಡಿ, ಎಂಜಿನ್ ಮೌಂಟ್, ಎಣ್ಣೆ, ಗೇರ್ ಲಿವರಿನ ತುದಿ, ಇವನ್ನೆಲ್ಲ ನೋಡಿ ಮುಗಿಸಿದ ಮೇಲೆ ಉಳಿದದ್ದು ಬಾಕ್ಸ್. ಈ ಜೀಪುಗಳಲ್ಲಿ ಗೇರ್ ಬಾಕ್ಸೂ, ಮುಂದಿನ ಹಿಂದಿನ ಚಕ್ರಗಳಿಗೆ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸೂ ಅಂಟಿಕೊಂಡೇ ಇರುತ್ತವೆ. ಎರಡನ್ನೂ ಒಟ್ಟಿಗೇ ಕೆಳಗಿನಿಂದ ಇಳಿಸಬೇಕು. ಪ್ರೊಪೆಲರ್ ಶಾಫ್ಟ್, ಹ್ಯಾಂಡ್‌ಬ್ರೇಕ್ ಕೇಬಲ್, ಸ್ಪೀಡೋಮೀಟರ್ ಕೇಬಲ್, ಅಡ್ಡಪಟ್ಟಿ ಎಲ್ಲ ಬಿಚ್ಚಬೇಕು. ಅಷ್ಟು ಕೆಲಸ ಮಾಡಿ ಕೊನೆಗೆ ಕ್ಲಚ್ ಕೇಬಲ್ ಸಡಿಲ ಇತ್ತು ಅಂತ ಗೊತ್ತಾದರೆ ಹೇಗಿರುತ್ತದೆ ಅಲ್ವಾ?

ನಿಮ್ಮ ಜೀಪಿನಲ್ಲಿರುವುದು ಯಾವ ಬಾಕ್ಸ್?

1941ರಿಂದ 1945ರವರೆಗೆ ವಿಲ್ಲೀಸ್ ಮತ್ತು ಫೋರ್ಡ್ ಸೇರಿ ಆರು ಲಕ್ಷಕ್ಕೂ ಹೆಚ್ಚು ಯುದ್ಧದ ಜೀಪು ಮಾಡಿದರು. ಅವುಗಳಲ್ಲಿದ್ದದ್ದು ಟಿ-84 ಅನ್ನುವ ಮೂರು ಗೇರಿನ ಬಾಕ್ಸ್, ಅದರ ಹಿಂದೆ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸ್. ಯುದ್ಧ ಮುಗಿದ ಮೇಲಿನ ಸಿಜೆ ಜೀಪುಗಳಿಗೆ, ನಮ್ಮ ಮಹೀಂದ್ರಾ ಸಿಜೆ-3ಬಿಗೂ ಸೇರಿ, ಇನ್ನೂ ಗಟ್ಟಿಯಾದ ಟಿ-90 ಬಂತು. ಅದೂ ಮೂರೇ ಗೇರ್. ಇಷ್ಟು ವರ್ಷದಲ್ಲಿ ಎಷ್ಟೋ ಕೈ ಬದಲಾಗಿರುತ್ತದೆ. ಹಾಗಾಗಿ ಬಾನೆಟ್ ನೋಡಿ ಬಾಕ್ಸ್ ಯಾವುದು ಅಂತ ಹೇಳಲು ಆಗದು. ಎಂಬಿ ಬಾಡಿ ಕೆಳಗೆ ಟಿ-90 ಕೂತಿರಬಹುದು. ಪೆಟ್ರೋಲ್ ಖರ್ಚಿಗೆ ಹೆದರಿ ಯಾರೋ ಡೀಸೆಲ್ ಎಂಜಿನ್ ಕೂರಿಸಿರಬಹುದು. ಡೀಸೆಲ್ ಹಾಕಿದ್ದರೆ ಅದನ್ನು ಈಗಲೇ ಒಂದು ಕಡೆ ಬರೆದಿಟ್ಟುಕೊಳ್ಳಿ. ಗೇರ್ ಹಾರುವ ವಿಷಯಕ್ಕೆ ಬಂದಾಗ ಅದು ಬೇಕಾಗುತ್ತದೆ.

ಎರಡೂ ಬಾಕ್ಸಿನಲ್ಲಿ ಸಿಂಕ್ರೊ, ಅಂದರೆ ಹಲ್ಲು ಕೂರುವ ಮುಂಚೆ ಗೇರುಗಳ ವೇಗ ಸಮ ಮಾಡುವ ರಿಂಗು, ಇರುವುದು ಎರಡನೇ ಮತ್ತು ಮೂರನೇ ಗೇರಿಗೆ ಮಾತ್ರ. ಫಸ್ಟು, ರಿವರ್ಸು ಎರಡಕ್ಕೂ ಇಲ್ಲ. ಅಲ್ಲಿ ಹಲ್ಲಿಗೆ ಹಲ್ಲು ನೇರವಾಗಿ ಜಾರಿ ಕೂರಬೇಕು. ಹಂಪ್ ಹತ್ತಿರ ಜೀಪ್ ಇನ್ನೂ ಉರುಳುತ್ತಿರುವಾಗ ಫಸ್ಟಿಗೆ ಎಳೆದರೆ ಕರ್ ಅನ್ನುವುದು ದೋಷವಲ್ಲ, ಅದರ ಸ್ವಭಾವ. ಪೂರ್ತಿ ನಿಲ್ಲಿಸಿ ಹಾಕಿ, ಇಲ್ಲವೇ ಡಬಲ್ ಕ್ಲಚ್ ಮಾಡಿ (ಹೇಗೆ ಅಂತ ಮುಂದೆ ಹೇಳುತ್ತೇನೆ).

ಇನ್ನೊಂದು ವಿಷಯ, ಸಣ್ಣದೇ. ಈಗಿನ ಕಾರು ಓಡಿಸಿ ರೂಢಿಯಾದವರು ಫಸ್ಟ್ ಅಂದರೆ ಎಡಕ್ಕೆ ತಂದು ಮುಂದಕ್ಕೆ ತಳ್ಳುತ್ತಾರೆ. ಈ ಜೀಪಿನಲ್ಲಿ ಎಡ-ಮುಂದೆ ಇರುವುದು ರಿವರ್ಸ್. ಎಡ-ಹಿಂದೆ ಫಸ್ಟ್, ಬಲ-ಮುಂದೆ ಸೆಕೆಂಡ್, ಬಲ-ಹಿಂದೆ ಥರ್ಡ್. ‘ಫಸ್ಟ್ ಯಾವಾಗಲೂ ಕರಕರ ಅನ್ನುತ್ತೆ’ ಅಂತ ದೂರು ತರುವವರನ್ನು ಸುಮ್ನೆ ಒಮ್ಮೆ ಗೇರ್ ಹಾಕಿ ತೋರಿಸಿ ಅಂತ ಕೇಳಿ. ಕೆಲವು ಸಲ ರಿಪೇರಿ ಅಲ್ಲಿಗೇ ಮುಗಿಯುತ್ತದೆ.

ಕ್ಲಚ್ಚೋ ಸಿಂಕ್ರೊನೋ?

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುಂಚೆ ಈ ಪ್ರಶ್ನೆಗೆ ಉತ್ತರ ಬೇಕು. ಮೂರು ಪರೀಕ್ಷೆ ಸಾಕು. ಮೂರಕ್ಕೂ ದುಡ್ಡು ಖರ್ಚಿಲ್ಲ.

ಎಂಜಿನ್ ಆಫ್ ಇರುವಾಗ ಮೂರೂ ಗೇರು, ರಿವರ್ಸು ಹಾಕಿ ನೋಡಿ. ಹಲ್ಲು ಹಲ್ಲಿಗೆ ತಾಗಿ ನಿಂತರೆ ಜೀಪನ್ನು ಸ್ವಲ್ಪ ಹಿಂದೆ ಮುಂದೆ ಅಲ್ಲಾಡಿಸಿ, ಕೂರುತ್ತದೆ. ಆಫ್ ಇರುವಾಗ ಎಲ್ಲ ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಮಾತ್ರ ಕಚ್ಚಾಡಿದರೆ ಲಿವರು, ಒಳಗೆ ಗೇರನ್ನು ಸರಿಸುವ ರೈಲು (ಕಂಬಿ), ಫೋರ್ಕು (ಕವಲು) ಸರಿ ಇವೆ ಅಂತ ಅರ್ಥ. ಆಫ್ ಇದ್ದಾಗಲೂ ಬೀಳದಿದ್ದರೆ ಮೇಲ್ಮುಚ್ಚಳದ ಕಡೆ ನೋಡಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಎಂಜಿನ್ ಸ್ಟಾರ್ಟ್ ಮಾಡಿ ನ್ಯೂಟ್ರಲ್‌ನಲ್ಲಿ ಐಡಲ್ ಬಿಡಿ. ಕ್ಲಚ್ ಪೂರ್ತಿ ಒತ್ತಿ ಹತ್ತರವರೆಗೆ ನಿಧಾನ ಎಣಿಸಿ. ಆಮೇಲೆ ಮೆಲ್ಲಗೆ ರಿವರ್ಸ್ ಹಾಕಿ. ಅಷ್ಟು ಹೊತ್ತಿಗೆ ಒಳಗಿನ ಗೇರುಗಳು ತಿರುಗುವುದು ನಿಂತಿರಬೇಕು. ಸದ್ದಿಲ್ಲದೆ ಬಿದ್ದರೆ ಕ್ಲಚ್ ಬಿಡುತ್ತಿದೆ. ಹತ್ತು ಎಣಿಸಿದ ಮೇಲೂ ಕರ್ ಅಂದರೆ ಕ್ಲಚ್ ಎಳೆಯುತ್ತಿದೆ. ಪೆಡಲ್ ತಳ ಮುಟ್ಟಿದರೂ ಕ್ಲಚ್ ಪ್ಲೇಟ್ ಎಂಜಿನ್ನಿನ ಫ್ಲೈವೀಲನ್ನು ಬಿಟ್ಟಿಲ್ಲ.

ಮೂರನೆಯದು ರಸ್ತೆಯಲ್ಲಿ. ಥರ್ಡಿನಿಂದ ಸೆಕೆಂಡಿಗೆ ಇಳಿಸುವಾಗ ಕರ್ ಅನ್ನುತ್ತಿದೆಯಾ? ಹಾಗಾದರೆ ಡಬಲ್ ಕ್ಲಚ್ ಮಾಡಿ. ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ, ಕ್ಲಚ್ ಬಿಟ್ಟು ಎಕ್ಸಲರೇಟರ್ ಒಂದು ಚೂರು ತಟ್ಟಿ, ಮತ್ತೆ ಕ್ಲಚ್ ಒತ್ತಿ ಸೆಕೆಂಡ್ ಹಾಕಿ. ಆಗ ಬೆಣ್ಣೆಯಂತೆ ಜಾರಿದರೆ ಸವೆದಿರುವುದು ಸಿಂಕ್ರೊ ರಿಂಗ್. ಡಬಲ್ ಕ್ಲಚ್ ಮಾಡಿದರೂ ಕಚ್ಚಿದರೆ ಮತ್ತೆ ಕ್ಲಚ್ಚಿನ ಕಡೆಗೇ ಬೆರಳು. ಸಿಂಕ್ರೊ ಒಂದೇ ಸವೆದಿದ್ದರೆ, ನನ್ನ ಪ್ರಕಾರ, ಅದಕ್ಕಾಗಿ ಬಾಕ್ಸ್ ಬಿಚ್ಚುವ ಅವಸರ ಇಲ್ಲ. ಡಬಲ್ ಕ್ಲಚ್ ಕಲಿತು ವರ್ಷಗಟ್ಟಲೆ ಓಡಿಸಬಹುದು. ಟಿ-84ರಲ್ಲಿ ಫಸ್ಟ್ ಗೇರಿನ ಅನುಪಾತ 2.66, ಸೆಕೆಂಡಿನದು 1.56. ನಡುವೆ ದೊಡ್ಡ ಅಂತರ. ಹಾಗಾಗಿ ಹೊಸ ಬಾಕ್ಸೇ ಆದರೂ ಫಸ್ಟಿನಿಂದ ಸೆಕೆಂಡಿಗೆ ಹೋಗುವಾಗ ನ್ಯೂಟ್ರಲ್‌ನಲ್ಲಿ ಒಂದು ಕ್ಷಣ ತಡೆಯಬೇಕು. ಕೈ ಬಿರುಸು ಇರುವವರಿಗೆ ಈ ಬಾಕ್ಸ್ ಒಗ್ಗುವುದಿಲ್ಲ.

ಕ್ಲಚ್ ಬಿಡದಿದ್ದರೆ

ಜೀಪಿನ ಕೆಳಗೆ ಮಲಗಿ. ಇನ್ನೊಬ್ಬರು ಮೇಲೆ ಕೂತು ಪೆಡಲ್ ಒತ್ತಲಿ. ಎಂಜಿನ್ ಆಫ್ ಇರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಲಿ. ಕಣ್ಣು ಪೆಡಲಿನ ಶಾಫ್ಟಿನಿಂದ ಶುರುವಾಗಿ ಕ್ಲಚ್ ಫೋರ್ಕಿನ ತುದಿಯವರೆಗೆ ಹೋಗಬೇಕು. ನಡುವೆ ಒಂದು ಅಡ್ಡ ಟ್ಯೂಬ್ ಇದೆ. ಅದರ ಎರಡು ತುದಿಯೂ ಗುಂಡುಗಳ ಮೇಲೆ ಕೂತಿರುತ್ತವೆ, ಒಂದು ಚಾಸಿಯ ಕಡೆ, ಇನ್ನೊಂದು ಬಾಕ್ಸಿನ ಕಡೆ. ಅಲ್ಲಿಂದ ಒಂದು ಸಣ್ಣ ಕೇಬಲ್ ಫೋರ್ಕನ್ನು ಎಳೆಯುತ್ತದೆ. ಈ ಗುಂಡು, ಟ್ಯೂಬಿನ ಕುಳಿ, ಕ್ಲೆವಿಸ್ ಪಿನ್ ಎಲ್ಲ ಒಂದೊಂದು ಚೂರು ಸವೆದಿರುತ್ತವೆ. ಒಂದೊಂದೇ ನೋಡಿದರೆ ಏನೂ ಅಲ್ಲ ಅನಿಸುತ್ತದೆ. ಎಲ್ಲ ಸೇರಿದರೆ ಅರ್ಧ ಪೆಡಲ್ ಅಲ್ಲೇ ಕರಗಿರುತ್ತದೆ. ಮೇಲಿನವರು ಪೆಡಲ್ ಒತ್ತಲು ಶುರು ಮಾಡಿದಾಗ ಫೋರ್ಕ್ ತಕ್ಷಣ ಅಲ್ಲಾಡುತ್ತದೆಯಾ, ತಡವಾಗಿಯಾ? ಟ್ಯೂಬ್ ಮೊದಲು ಓರೆಯಾಗಿ ಆಮೇಲೆ ತಿರುಗುತ್ತದೆಯಾ? ಅದನ್ನೇ ನೋಡಬೇಕು.

ಪೆಡಲಿನ ಫ್ರೀ ಪ್ಲೇ, ಅಂದರೆ ಕ್ಲಚ್ಚಿನ ಮೇಲೆ ಒತ್ತಡ ಬೀಳುವ ಮುಂಚೆ ಪೆಡಲ್ ಸಡಿಲವಾಗಿ ಹೋಗುವ ದೂರ, ಎಂಬಿಗೆ ಮುಕ್ಕಾಲು ಇಂಚು, ಸಿಜೆಗೆ ಒಂದು ಇಂಚಿನ ಹತ್ತಿರ. ಅದನ್ನು ಕೈಯಲ್ಲಿ ಒತ್ತಿ ಅಳೆಯಿರಿ, ಕಾಲಿನಲ್ಲಿ ಗೊತ್ತಾಗುವುದಿಲ್ಲ. ಜಾಸ್ತಿ ಇದ್ದರೆ ಕೇಬಲ್ ತುದಿಯ ನಟ್ಟಿನಲ್ಲಿ ಬಿಗಿ ಮಾಡಬಹುದು. ಆದರೆ ಫ್ರೀ ಪ್ಲೇ ಪೂರ್ತಿ ತೆಗೆದು ಹಾಕಬೇಡಿ. ಕ್ಲಚ್ಚನ್ನು ಒತ್ತಿ ಬಿಡಿಸುವ ರಿಲೀಸ್ ಬೇರಿಂಗ್ ಸದಾ ಒತ್ತಿಕೊಂಡೇ ತಿರುಗಿ ಬೇಗ ಹೋಗುತ್ತದೆ, ಕ್ಲಚ್ಚೂ ಜಾರಲು ಶುರುವಾಗುತ್ತದೆ.

ಯುದ್ಧದ ಜೀಪಿನಲ್ಲಿ ಬಹಳ ಜನ ಮರೆಯುವ ಒಂದು ವಸ್ತು ಇದೆ: ಎಂಜಿನ್ ಸ್ಟೇ ಕೇಬಲ್. ಎಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿರುವುದರಿಂದ ಕ್ಲಚ್ ಒತ್ತಿದಾಗ ಎಂಜಿನ್ನೇ ಜರುಗಲು ನೋಡುತ್ತದೆ. ಅದನ್ನು ಹಿಡಿದಿಡಲು ಎಂಜಿನಿನಿಂದ ಚಾಸಿಯ ಅಡ್ಡಪಟ್ಟಿಗೆ ಒಂದು ತಂತಿಹಗ್ಗ ಕಟ್ಟಿರುತ್ತಾರೆ. ಎಂಜಿನ್ ಇಳಿಸಿದಾಗ ಅದನ್ನು ಬಿಚ್ಚಿ ಮೂಲೆಗೆ ಎಸೆದಿರುತ್ತಾರೆ. ಆಮೇಲೆ ಯಾರಿಗೂ ನೆನಪಿಲ್ಲ. ಕೆಳಗೆ ಮಲಗಿರುವಾಗಲೇ ಇದನ್ನೂ ನೋಡಿಬಿಡಿ. ಪೆಡಲ್ ಒತ್ತಿದಾಗ ಬೆಲ್ ಹೌಸಿಂಗ್ (ಕ್ಲಚ್ಚಿನ ಹೊರಕವಚ) ಪಕ್ಕದಲ್ಲಿ ಬೆರಳಿಟ್ಟರೆ ಎಂಜಿನ್ ಕದಲುವುದು ಗೊತ್ತಾಗುತ್ತದೆ. ಹಾಗೆ ಕದಲಿದರೆ ಕ್ಲಚ್ ಎಷ್ಟೇ ಅಡ್ಜಸ್ಟ್ ಮಾಡಿದರೂ ಪ್ರಯೋಜನ ಇಲ್ಲ. ಹರಿದ ರಬ್ಬರ್ ಮೌಂಟ್ ಬದಲಿಸಿ, ಸ್ಟೇ ಕೇಬಲ್ ಹಾಕಿ. ಜೋತುಬೀಳಬಾರದು, ವೀಣೆ ತಂತಿ ಥರ ಬಿಗಿಯಲೂ ಬಾರದು.

ಮಳೆಗಾಲ ಪೂರ್ತಿ ಶೆಡ್ಡಿನಲ್ಲೇ ನಿಂತಿದ್ದ ಜೀಪಾದರೆ ಪ್ಲೇಟ್ ತುಕ್ಕಿಗೆ ಫ್ಲೈವೀಲಿಗೇ ಅಂಟಿಕೊಂಡಿರಬಹುದು. ಗುರುತು ಸುಲಭ. ಮೊನ್ನೆವರೆಗೆ ಸರಿ ಇತ್ತು, ನಿಲ್ಲಿಸಿ ಎರಡು ಮೂರು ತಿಂಗಳಾದ ಮೇಲೆ ಯಾವ ಗೇರೂ ಬೀಳುತ್ತಿಲ್ಲ ಅನ್ನುತ್ತಾರೆ. ಒಂದು ಮರದ ತುಂಡಿನಿಂದ ಪೆಡಲನ್ನು ರಾತ್ರಿಯಿಡೀ ಒತ್ತಿ ಇಡಿ. ಅದಕ್ಕೂ ಬಿಡದಿದ್ದರೆ ಎಂಜಿನ್ ಬಿಸಿ ಮಾಡಿ ಆಫ್ ಮಾಡಿ. ಖಾಲಿ ಬಯಲಿನಲ್ಲಿ ಸೆಕೆಂಡ್ ಗೇರ್ ಹಾಕಿ, ಕ್ಲಚ್ ಒತ್ತಿಕೊಂಡೇ ಸ್ಟಾರ್ಟರ್ ಒತ್ತಿ. ಜೀಪ್ ಹೊರಡುತ್ತದೆ. ಕ್ಲಚ್ ಒತ್ತಿಯೇ ಇರಲಿ, ಎಕ್ಸಲರೇಟರ್ ಕೊಟ್ಟು ಬಿಟ್ಟು ಮಾಡಿ, ಬ್ರೇಕ್ ತಟ್ಟಿ. ಟಪ್ ಅಂತ ಬಿಡುತ್ತದೆ. ಮುಂದೆ ಗೋಡೆ, ದನ, ಮಕ್ಕಳು ಇಲ್ಲದ ಜಾಗ ಬೇಕು. ಬ್ರೇಕ್ ಸರಿ ಇರಬೇಕು. ಮೊದಲಿನ 6 ವೋಲ್ಟ್ ಬ್ಯಾಟರಿಯೇ ಇದ್ದರೆ ಅದು ಪೂರ್ತಿ ಚಾರ್ಜ್ ಆಗಿರಲಿ, ಇಲ್ಲದಿದ್ದರೆ ಸ್ಟಾರ್ಟರ್ ಜೀಪನ್ನು ಎಳೆಯಲಾರದು.

ಇಷ್ಟೆಲ್ಲ ಸರಿ ಇದ್ದೂ ಎಳೆಯುತ್ತಿದ್ದರೆ ಪೈಲಟ್ ಬುಷ್ ಮೇಲೆ ಅನುಮಾನ ಪಡಿ. ಕ್ರ್ಯಾಂಕ್ ಶಾಫ್ಟಿನ ಹಿಂಬದಿಯಲ್ಲಿರುವ ಈ ಕಂಚಿನ ಬುಷ್ಷಿನೊಳಗೆ ಬಾಕ್ಸಿನ ಇನ್‌ಪುಟ್ ಶಾಫ್ಟ್ ಮೂಗು ಕೂರುತ್ತದೆ. ಅದು ಒಣಗಿ ಹಿಡಿದುಕೊಂಡರೆ ಪ್ಲೇಟ್ ಬಿಟ್ಟರೂ ಶಾಫ್ಟ್ ತಿರುಗುತ್ತಲೇ ಇರುತ್ತದೆ. ನಿಂತ ಜೀಪಿನಲ್ಲಿ ಗೇರ್ ಹಾಕಿ ಕ್ಲಚ್ ಒತ್ತಿದಾಗ ಮಾತ್ರ ಕೀರಲು ಸದ್ದು ಬಂದರೆ ಅದರ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ನ್ಯೂಟ್ರಲ್‌ನಲ್ಲಿ ಕ್ಲಚ್ ಒತ್ತಿದ ಕೂಡಲೇ ಸದ್ದು ಬಂದರೆ ರಿಲೀಸ್ ಬೇರಿಂಗ್. ಒತ್ತಿದ ಕೂಡಲೇ ಸದ್ದು ನಿಂತರೆ ಬಾಕ್ಸಿನ ಮುಂದಿನ ಬೇರಿಂಗ್ ಅಥವಾ ಕೌಂಟರ್ ಗೇರ್. ಪೈಲಟ್ ಬುಷ್ಷನ್ನು ಲೇಥಿನಲ್ಲಿ ಹಿತ್ತಾಳೆ ಕಡ್ಡಿಯಿಂದ ಮಾಡಿಸುವ ಬದಲು ಎಣ್ಣೆ ಹೀರಿಕೊಳ್ಳುವ ಸಿಂಟರ್ಡ್ ಕಂಚಿನದ್ದೇ ತನ್ನಿ. ಹಾಕುವ ಮುಂಚೆ ಎಣ್ಣೆಯಲ್ಲಿ ನೆನೆಸಿಡಿ.

ಇಳಿಜಾರಿನಲ್ಲಿ ಗೇರ್ ಹಾರುವುದು

ಗೇರ್ ಬೀಳದಿದ್ದರೆ ಕಿರಿಕಿರಿ, ಅಷ್ಟೇ. ಬಿದ್ದ ಗೇರ್ ಹಾರುವುದು ಅಪಾಯ. ನಂದಿಬೆಟ್ಟ 1478 ಮೀಟರ್ ಎತ್ತರ. ಹತ್ತುವಾಗ ಎಂಜಿನ್ ಎಳೆತದಲ್ಲಿ ಗೇರ್ ಗಟ್ಟಿಯಾಗಿ ಕೂತಿರುತ್ತದೆ, ಏನೂ ಗೊತ್ತಾಗುವುದಿಲ್ಲ. ಇಳಿಯುವಾಗ ಸೆಕೆಂಡಿನಲ್ಲಿ ಎಕ್ಸಲರೇಟರಿನಿಂದ ಕಾಲು ತೆಗೆದರೆ ಒತ್ತಡ ಉಲ್ಟಾ ಆಗುತ್ತದೆ. ಚಕ್ರ ಎಂಜಿನ್ನನ್ನು ತಿರುಗಿಸಲು ಶುರು ಮಾಡುತ್ತದೆ. ಆಗ ಲಿವರ್ ಠಕ್ ಅಂತ ನ್ಯೂಟ್ರಲ್‌ಗೆ ಬಂದರೆ ಎಂಜಿನ್ ಬ್ರೇಕಿಂಗ್ ಹೋಯಿತು. ಉಳಿದದ್ದು ಒಂದೇ ಮಾಸ್ಟರ್ ಸಿಲಿಂಡರಿನ, ಒಂದೇ ಲೈನಿನ ಡ್ರಮ್ ಬ್ರೇಕು. ಭಾನುವಾರ ಬೆಳಗ್ಗೆ ಆ ತಿರುವುಗಳಲ್ಲಿ ಬೈಕು ಕಾರುಗಳ ಸಾಲು ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಗೇರ್ ಹಾರುವ ಜೀಪನ್ನು ಪರೀಕ್ಷೆಗಾಗಿ ಬೆಟ್ಟಕ್ಕೆ ಒಯ್ಯಬೇಡಿ. ಊರ ಹೊರಗೆ ಕೆರೆ ಏರಿಯಿಂದ ಇಳಿಯುವ ಸಣ್ಣ ಇಳಿಜಾರು ಸಾಕು. ಲಿವರ್ ಮೇಲೆ ಅಂಗೈ ಸುಮ್ನೆ ಇಟ್ಟು, ಎಕ್ಸಲರೇಟರ್ ಒತ್ತಿ ಬಿಟ್ಟು ಮಾಡಿ. ಲಿವರ್ ಹಿಂದೆ ಮುಂದೆ ತೆವಳುವುದು ಹಾರುವ ಮುಂಚೆಯೇ ಅಂಗೈಗೆ ತಿಳಿಯುತ್ತದೆ.

ಯಾವ ಗೇರ್ ಹಾರುತ್ತದೆ, ಯಾವಾಗ ಹಾರುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ.

ಗುಂಡಿಯಲ್ಲಿ ಎಗರಿದಾಗ ಮಾತ್ರ ಹಾರಿದರೆ ಮೊದಲು ನೆಲದ ತಗಡು ನೋಡಿ. ತುಕ್ಕು ಹಿಡಿದ ತಗಡು ಕತ್ತರಿಸಿ ಹೊಸದು ಹಾಕಿಸಿದಾಗ ಲಿವರಿನ ತೂತು ಚಿಕ್ಕದಾಗಿರುತ್ತದೆ. ಲಿವರ್ ಅಂಚಿಗೆ ತಾಗಿ ನಿಲ್ಲುತ್ತದೆ, ಗೇರ್ ಮುಕ್ಕಾಲು ಮಾತ್ರ ಕೂತಿರುತ್ತದೆ. ರಬ್ಬರ್ ಬೂಟ್ ಎತ್ತಿ, ಪ್ರತಿ ಗೇರಿನಲ್ಲೂ ಲಿವರಿಗೂ ತಗಡಿಗೂ ನಡುವೆ ಬೆರಳು ಹೋಗುತ್ತದಾ ನೋಡಿ. ಹೋಗದಿದ್ದರೆ ಫೈಲ್ ತಗೊಂಡು ಉಜ್ಜಿದರೆ ಮುಗಿಯಿತು.

ಥರ್ಡ್ ಹಾರಿದರೆ ಮುಂದಿನ ಕಡೆ ನೋಡಿ. ಥರ್ಡ್ ಅಂದರೆ ನೇರ ಗೇರ್, ಇನ್‌ಪುಟ್ ಶಾಫ್ಟೂ ಮೇನ್ ಶಾಫ್ಟೂ ಒಂದಾಗಿ ತಿರುಗುತ್ತವೆ. ಎರಡರ ಸಾಲು ತಪ್ಪಿದರೆ ಎರಡನ್ನೂ ಕೂಡಿಸುವ ಸ್ಲೀವ್ ಮೆಲ್ಲಗೆ ತೆವಳಿ ಆಚೆ ಬರುತ್ತದೆ. ಬಾಕ್ಸನ್ನು ಬೆಲ್ ಹೌಸಿಂಗಿಗೆ ಹಿಡಿದಿರುವ ನಾಲ್ಕು ಬೋಲ್ಟ್ ಬಿಗಿ ಇವೆಯಾ? ಪೈಲಟ್ ಬುಷ್ ಮೊಟ್ಟೆಯಾಕಾರ ಆಗಿದೆಯಾ? ಮುಂದಿನ ಬೇರಿಂಗ್ ಆಡುತ್ತಿದೆಯಾ? ಡೀಸೆಲ್ ಎಂಜಿನ್ ಹಾಕಿಸಿದ ಜೀಪಾದರೆ ನಾನು ನೇರವಾಗಿ ಎಂಜಿನ್ನನ್ನೂ ಬಾಕ್ಸನ್ನೂ ಜೋಡಿಸುವ ಅಡಾಪ್ಟರ್ ಪ್ಲೇಟನ್ನೇ ಅನುಮಾನಿಸುತ್ತೇನೆ. ಲೋಕಲ್ಲಾಗಿ ಕಣ್ಣಳತೆಯಲ್ಲಿ ತೂತು ಹೊಡೆದು ಕೂರಿಸಿದ ಪ್ಲೇಟಿನಲ್ಲಿ ಕೂದಲೆಳೆಯಷ್ಟು ಸಾಲು ತಪ್ಪಿದರೂ ಬುಷ್, ಬೇರಿಂಗ್, ಥರ್ಡ್ ಗೇರ್ ಮೂರೂ ಸರದಿಯಲ್ಲಿ ಹೋಗುತ್ತವೆ. ಬಾಕ್ಸ್ ಎಷ್ಟು ಸಲ ರಿಪೇರಿ ಮಾಡಿಸಿದರೂ ಮತ್ತೆ ಅದೇ ಕಥೆ. ಡಯಲ್ ಗೇಜ್ ಇಟ್ಟು ಬೆಲ್ ಹೌಸಿಂಗಿನ ಮಧ್ಯದ ತೂತು ಕ್ರ್ಯಾಂಕಿನ ನೇರಕ್ಕೆ ಇದೆಯಾ ಅಂತ ಅಳೆಯುವವರ ಹತ್ತಿರ ಹೋಗಿ. ಇನ್ನೊಂದು ಮಾತು: ಟಿ-84 ಸಣ್ಣ ಪೆಟ್ರೋಲ್ ಎಂಜಿನ್ನಿನ 60 ಕುದುರೆಶಕ್ತಿಗೆ ಮಾಡಿದ ಬಾಕ್ಸ್. ಅದಕ್ಕೆ ಡೀಸೆಲ್ಲಿನ ಎಳೆತ ಕೊಟ್ಟು ಹಲ್ಲು ಮುರಿಯಿತು ಅಂದರೆ ಬಾಕ್ಸಿನ ತಪ್ಪಲ್ಲ.

ಸೆಕೆಂಡ್ ಹಾರಿದರೆ, ಈ ಬಾಕ್ಸುಗಳಲ್ಲಿ ಜಾಸ್ತಿ ಹಾರುವುದು ಅದೇ, ಮೊದಲು ಎರಡು ಅಗ್ಗದ ಕಾರಣ ನೋಡಿ. ಒಂದು, ಮೇಲ್ಮುಚ್ಚಳದೊಳಗೆ ರೈಲನ್ನು ಜಾಗದಲ್ಲಿ ಹಿಡಿದಿಡುವ ಪಾಪೆಟ್ ಬಾಲ್ (ಗುಂಡು) ಮತ್ತು ಸ್ಪ್ರಿಂಗ್. ಗೇರ್ ಹಾಕುವಾಗ ಕಟ್ ಅನ್ನುವ ಹಿಡಿತ ಕೈಗೆ ಸಿಗದೆ ಲಿವರ್ ಸಡಿಲ ಸಡಿಲವಾಗಿ ಹೋಗುತ್ತಿದ್ದರೆ ಸ್ಪ್ರಿಂಗ್ ಸೋತಿದೆ ಅಥವಾ ಮುರಿದಿದೆ.

ಎರಡನೆಯದು ಬಹಳ ಮೆಕ್ಯಾನಿಕ್‌ಗಳು ನೋಡದೇ ಬಿಡುವಂಥದ್ದು. ಬಾಕ್ಸಿನ ಮೇನ್ ಶಾಫ್ಟ್ ಹಿಂದಕ್ಕೆ ಚಾಚಿ ಟ್ರಾನ್ಸ್‌ಫರ್ ಕೇಸಿನೊಳಗೆ ಹೋಗುತ್ತದೆ. ಅದರ ತುದಿಯಲ್ಲಿ ಒಂದು ಗೇರ್, ಅದನ್ನು ಹಿಡಿದಿಡಲು ಒಂದು ದೊಡ್ಡ ನಟ್, ನಟ್ಟಿಗೆ ಕಾಟರ್ ಪಿನ್. ಈ ನಟ್ ಸಡಿಲವಾದರೆ ಶಾಫ್ಟ್ ಪೂರ್ತಿ ಹಿಂದೆ ಮುಂದೆ ಓಡಾಡುತ್ತದೆ. ಆಗ ಸೆಕೆಂಡ್ ನಿಲ್ಲುವುದು ಹೇಗೆ? ಒಳ್ಳೆಯ ಸುದ್ದಿ ಏನೆಂದರೆ ಇದನ್ನು ನೋಡಲು ಬಾಕ್ಸ್ ಇಳಿಸಬೇಕಾಗಿಲ್ಲ. ಟ್ರಾನ್ಸ್‌ಫರ್ ಕೇಸಿನ ಎಣ್ಣೆ ಇಳಿಸಿ, ಹಿಂಬದಿ ಮೇಲ್ಗಡೆ ಇರುವ ಪಿಟಿಒ (ಹೊರಗಿನ ಯಂತ್ರಕ್ಕೆ ಶಕ್ತಿ ಕೊಡುವ ಜೋಡಣೆ) ಮುಚ್ಚಳ ಬಿಚ್ಚಿದರೆ ನಟ್ ಎದುರಿಗೇ ಕಾಣುತ್ತದೆ. ಗೇರನ್ನು ಬೆರಳಿನಲ್ಲಿ ಹಿಡಿದು ಅಲ್ಲಾಡಿಸಿ. ಆಡಿದರೆ, ಸ್ಪ್ಲೈನಿನ ಬುಡದಲ್ಲಿ ಕುಂಕುಮದ ಬಣ್ಣದ ಪುಡಿ ಇದ್ದರೆ, ಕಾಟರ್ ಪಿನ್ ಕಾಣದಿದ್ದರೆ, ಅಲ್ಲೇ ರೋಗ. ಬಿಗಿ ಮಾಡಿ ಹೊಸ ಪಿನ್ ಹಾಕಿ, ಓಡಿಸಿ ನೋಡಿ. ಇದಾದ ಮೇಲೂ ಹಾರಿದರೆ ಸೆಕೆಂಡ್ ಗೇರಿನ ಸಣ್ಣ ಹಲ್ಲು, ಸಿಂಕ್ರೊ ಸ್ಲೀವ್ ದುಂಡಾಗಿವೆ. ಈಗ ಬಾಕ್ಸ್ ಇಳಿಸಿ, ಬೇರೆ ದಾರಿಯಿಲ್ಲ. ಲಿವರಿಗೆ ಸೈಕಲ್ ಟ್ಯೂಬ್ ಕಟ್ಟಿ ಓಡಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಎಣ್ಣೆ

ಸ್ವಲ್ಪ ದೂರ ಓಡಿಸಿ ಬಿಸಿ ಇರುವಾಗಲೇ ಡ್ರೈನ್ ಪ್ಲಗ್ ಬಿಚ್ಚಿ, ಎಣ್ಣೆಯನ್ನು ಅಗಲವಾದ ಸ್ಟೀಲ್ ತಟ್ಟೆಗೆ ಬಿಡಿ. ತಟ್ಟೆಯನ್ನು ಬಿಸಿಲಿಗೆ ತಂದು ಮೆಲ್ಲಗೆ ಓರೆ ಮಾಡಿ. ಎಣ್ಣೆ ಒಂದು ಕಡೆ ಸರಿದ ಹಾಗೆ ತಳದಲ್ಲಿ ಉಳಿದದ್ದು ಮಿನುಗುತ್ತದೆ. ಹಳೇ ಸ್ಪೀಕರಿನ ಆಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಅದರ ಮೇಲೆ ಎಳೆಯಿರಿ. ಬಟ್ಟೆಗೆ ಬೂದಿಯಂಥ ನುಣ್ಣನೆಯ ಪುಡಿ ಅಂಟಿದರೆ ಮಾಮೂಲಿ ಸವೆತ. ಚೂಪಾದ ಚೂರು, ಮೂಲೆ ಇರುವ ತುಣುಕು ಅಂಟಿದರೆ ಹಲ್ಲು ಒಡೆದಿದೆ. ಆಯಸ್ಕಾಂತಕ್ಕೆ ಬಾರದೆ ತಟ್ಟೆಯಲ್ಲೇ ಉಳಿದ ಹಳದಿ ಮಿನುಗು ಸಿಂಕ್ರೊ ರಿಂಗಿನದ್ದು, ಅಥವಾ ಥ್ರಸ್ಟ್ ವಾಷರಿನದ್ದು. ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ. ಬೆಣ್ಣೆಗಟ್ಟಿದ ಹಾಗೆ ಗಟ್ಟಿಯಾಗಿ ಬಿದ್ದರೆ, ಮಾರಿದವರು ಸದ್ದು ಅಡಗಿಸಲು ಗ್ರೀಸ್ ಬೆರೆಸಿದ್ದಾರೆ.

ಹೊಸದಾಗಿ ಹಾಕುವಾಗ ಜಿಎಲ್-4 ದರ್ಜೆಯ ಗೇರ್ ಎಣ್ಣೆ, 90 ಅಥವಾ 80ಡಬ್ಲ್ಯೂ-90 ಗಟ್ಟಿತನದ್ದು, ಸಾಕು. ಜಿಎಲ್-5 ಹಿಂದಿನ ಆಕ್ಸಲಿಗೆ ಒಳ್ಳೆಯದು, ಇಲ್ಲಿಗೆ ಬೇಡ. ಅದರಲ್ಲಿರುವ ಗಂಧಕ-ರಂಜಕದ ಅಂಶ ಹಿತ್ತಾಳೆ ಭಾಗಗಳಿಗೆ ಆಗಿಬರುವುದಿಲ್ಲ, ಜಾರಿಕೆ ಜಾಸ್ತಿಯಾಗಿ ಸಿಂಕ್ರೊ ಹಿಡಿಯುವುದೂ ಕಡಿಮೆ. ಸದ್ದು ಕಡಿಮೆಯಾಗಲಿ ಅಂತ 140 ಹಾಕಿಸಿಕೊಂಡವರು ಡಿಸೆಂಬರಿನ ಚಳಿ ಬೆಳಗ್ಗೆ ಸೆಕೆಂಡ್ ಹಾಕಲು ಒದ್ದಾಡುತ್ತಾರೆ. ಟಿ-84ಕ್ಕೆ ಹಿಡಿಯುವುದು ಸುಮಾರು 0.7 ಲೀಟರ್, ಅದರ ಟ್ರಾನ್ಸ್‌ಫರ್ ಕೇಸಿಗೆ 1.4. ಟಿ-90ಕ್ಕೆ ಸುಮಾರು 1.2. ಪಕ್ಕದ ಫಿಲ್ಲರ್ ತೂತಿನ ಅಂಚಿಗೆ ಬಂದರೆ ಸರಿ. ಎರಡರ ಮಟ್ಟವನ್ನೂ ಬೇರೆ ಬೇರೆಯಾಗಿ ನೋಡಿ. ಬಾಕ್ಸಿನ ಎಣ್ಣೆ ಹಿಂದಕ್ಕೆ ಸೋರಿ ಟ್ರಾನ್ಸ್‌ಫರ್ ಕೇಸ್ ತುಂಬಿಕೊಳ್ಳುವುದು ಈ ಜೋಡಿಯ ಹಳೇ ಚಾಳಿ. ನೆಲದ ಮೇಲೆ ಒಂದು ಹನಿಯೂ ಬಿದ್ದಿರುವುದಿಲ್ಲ, ಆದರೆ ಬಾಕ್ಸ್ ಒಣಗಿರುತ್ತದೆ.

ಲಿವರ್ ಸಿಕ್ಕಿಹಾಕಿಕೊಂಡರೆ

ಲಿವರ್ ಎತ್ತ ತಳ್ಳಿದರೂ ಬರುತ್ತಿಲ್ಲ, ಅಥವಾ ಲಿವರ್ ನ್ಯೂಟ್ರಲ್‌ನಲ್ಲಿದ್ದರೂ ಕ್ಲಚ್ ಬಿಟ್ಟರೆ ಜೀಪ್ ಹೊರಡುತ್ತದೆ. ಎರಡಕ್ಕೂ ಕಾರಣ ಒಂದೇ, ಲಿವರಿನ ಕೆಳತುದಿ ಸವೆದು ಫೋರ್ಕಿನ ಕಚ್ಚಿನಿಂದ ಜಾರಿದೆ. ರಸ್ತೆ ಮಧ್ಯೆ ಆದರೆ ಎಂಜಿನ್ ಆಫ್ ಮಾಡಿ, ನೆಲದ ತಗಡು ತೆಗೆದು, ಲಿವರಿನ ಮುಚ್ಚಳ ಬಿಚ್ಚಿ ಲಿವರ್ ಹೊರಗೆ ಎಳೆಯಿರಿ. ಒಳಗೆ ಎರಡು ಕಚ್ಚು ಕಾಣುತ್ತವೆ. ದೊಡ್ಡ ಸ್ಕ್ರೂಡ್ರೈವರಿನಿಂದ ಎರಡನ್ನೂ ಒಂದೇ ಸಾಲಿಗೆ ತಂದರೆ ನ್ಯೂಟ್ರಲ್. ಮನೆಗೆ ಬಂದ ಮೇಲೆ ಲಿವರ್ ತುದಿಗೆ ವೆಲ್ಡಿಂಗ್ ಹಾಕಿ, ಮೊದಲಿನ ಆಕಾರಕ್ಕೆ ಗ್ರೈಂಡ್ ಮಾಡಿಸಿ. ಒಂದೇ ಸಲಕ್ಕೆ ಎರಡು ಗೇರ್ ಬಿದ್ದು ಚಕ್ರವೇ ಲಾಕ್ ಆದರೆ ರೈಲುಗಳ ನಡುವಿನ ಇಂಟರ್‌ಲಾಕ್ ಪಿನ್ ಹೋಗಿದೆ ಅಥವಾ ಹಿಂದೆ ಬಿಚ್ಚಿದವರು ಹಾಕಲು ಮರೆತಿದ್ದಾರೆ.

ಬಾಕ್ಸಲ್ಲ, ಟ್ರಾನ್ಸ್‌ಫರ್ ಕೇಸ್

ಕೆಲವು ಸಲ ಗೇರ್ ತಕರಾರು ಅಂತ ಬಂದ ಜೀಪಿನಲ್ಲಿ ತೊಂದರೆ ಇರುವುದು ಪಕ್ಕದ ಎರಡು ಸಣ್ಣ ಲಿವರಿನಲ್ಲಿ, ಒಂದು ಫೋರ್‌ವೀಲಿಗೆ, ಇನ್ನೊಂದು ಹೈ-ಲೋಗೆ. ಎರಡೂ ಒಂದೇ ಪಿನ್ನಿನ ಮೇಲೆ ತಿರುಗುತ್ತವೆ. ಗ್ರೀಸ್ ಕಾಣದೆ ತುಕ್ಕು ಹಿಡಿದರೆ ಒಂದನ್ನು ಎಳೆದಾಗ ಇನ್ನೊಂದೂ ಹಿಂದೆಯೇ ಬರುತ್ತದೆ. ಹೈ ಮತ್ತು ಲೋ ನಡುವೆ ನಿಂತುಬಿಟ್ಟರೆ ಬಾಕ್ಸಿನಲ್ಲಿ ಯಾವ ಗೇರ್ ಹಾಕಿದರೂ ಜೀಪ್ ಕದಲುವುದಿಲ್ಲ. ಆಗ ಬೈಗುಳ ತಿನ್ನುವುದು ಗೇರ್ ಬಾಕ್ಸ್. ಪಿನ್ನಿಗೆ ಗ್ರೀಸ್ ಹೊಡೆದು, ಲಿವರುಗಳನ್ನು ಬೇರೆ ಬೇರೆ ಅಲ್ಲಾಡಿಸಿ ಬಿಡಿಸಿ.

ಲೋ ಬೀಳುತ್ತಿಲ್ಲ ಅನ್ನುವವರು ಮೊದಲು ಮುಂದಿನ ಆಕ್ಸಲ್ ಹಾಕಿದ್ದೀರಾ ನೋಡಿಕೊಳ್ಳಿ. ಫೋರ್‌ವೀಲ್ ಹಾಕದೆ ಲೋ ಬೀಳದಂತೆ ಒಳಗೇ ತಡೆ ಇಟ್ಟಿದ್ದಾರೆ. ಇನ್ನು, ಹೊಲದಲ್ಲಿ ಹಾಕಿದ ಫೋರ್‌ವೀಲ್ ಟಾರು ರಸ್ತೆಗೆ ಬಂದ ಮೇಲೆ ಬಿಡುತ್ತಿಲ್ಲ ಅಂದರೆ ಲಿವರನ್ನು ಸುತ್ತಿಗೆಯಲ್ಲಿ ಬಡಿಯಬೇಡಿ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಓಡುತ್ತದೆ. ಹಿಡಿಯುವ ರಸ್ತೆಯಲ್ಲಿ ಚಕ್ರ ಜಾರಲು ಆಗದೆ ಶಾಫ್ಟುಗಳು ತಿರುಚಿಕೊಂಡು ಗೇರನ್ನು ಹಿಡಿದಿರುತ್ತವೆ. ಬಂದ ದಾರಿಯಲ್ಲೇ ರಿವರ್ಸಿನಲ್ಲಿ ಕೆಲವು ಅಡಿ ಹೋದರೆ ತಿರುಚು ಬಿಡುತ್ತದೆ, ಲಿವರ್ ಬೆರಳಿಗೇ ಬರುತ್ತದೆ. ಪ್ರತಿ ಸಲವೂ ಹೀಗೇ ಆದರೆ ಟೈರ್ ಅಳೆಯಿರಿ. ಮುಂದೆ ಹೊಸ ಟೈರು, ಹಿಂದೆ ಸವೆದದ್ದು ಇದ್ದರೆ ನೇರ ರಸ್ತೆಯಲ್ಲೂ ತಿರುಚು ಏರುತ್ತಲೇ ಹೋಗುತ್ತದೆ. ನಾಲ್ಕಕ್ಕೂ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಒಂದೊಂದು ಸುತ್ತು ಉರುಳಿಸಿ, ನೆಲದ ಮೇಲೆ ಟೇಪ್ ಹಿಡಿದು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಗಾಳಿ ಸಮ ಮಾಡಿ ಅಳೆಯಿರಿ.